ಲವಾಸಿಯೇ ಮತ್ತು ಮರೀ ಆ್ಯನ್

ಮಗಳಿಗೆ ಒಂಬತ್ತನೇ ಕ್ಲಾಸಿನ ರಾಶಿ ಸಂರಕ್ಷಣಾ ನಿಯಮ (ರಾಸಾಯನಿಕ ಕ್ರಿಯೆಯಲ್ಲಿ ವಸ್ತುಗಳ ಒಟ್ಟು ದ್ರವ್ಯರಾಶಿ ಬದಲಾಗದು ಎಂಬುದು) ಹೇಳಿಕೊಡುತ್ತಿದ್ದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ಹೆಸರು ಬಂದ ಮೇಲೆ ಪಾಠ ಮುಂದಕ್ಕೇ ಹೋಗಲಿಲ್ಲ.

ಅವನ ಪಾದರಸದ ಪ್ರಯೋಗ ನನಗೆ ಇವತ್ತಿಗೂ ಬೆರಗು. ಉದ್ದ ಕತ್ತು ಬಾಗಿರುವ ಗಾಜಿನ ಬಕಪಾತ್ರೆಯಲ್ಲಿ ಪಾದರಸ ಹಾಕಿ, ಹೊರಗಿನ ಗಾಳಿ ಸೇರದ ಹಾಗೆ 12 ದಿನ ಕಾಯಿಸಿದ. ಮೇಲೆ ಕೆಂಪು ಪುಡಿ ಕಟ್ಟಿತು, ಒಳಗಿನ ಗಾಳಿ ಸುಮಾರು ಆರನೇ ಒಂದು ಭಾಗ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿಹೋಯಿತು. ಅದೇ ಕೆಂಪು ಪುಡಿಯನ್ನು ಇನ್ನೂ ಜೋರಾಗಿ ಕಾಯಿಸಿದರೆ, ಕಳೆದುಹೋದ ಗಾಳಿ ಅಷ್ಟೂ ವಾಪಸ್! ಅದನ್ನೇ ಆಕ್ಸಿಜನ್ ಎಂದು ಕರೆದ. ಈ ಅನಿಲದ ಸುಳಿವನ್ನು 1774ರಲ್ಲಿ ಪ್ಯಾರಿಸ್‌ಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಪ್ರೀಸ್ಟ್ಲಿಯೇ ಕೊಟ್ಟಿದ್ದು. ಅವನಿಗೆ ಸಲ್ಲಬೇಕಾದ ಶ್ರೇಯವನ್ನು ಲವಾಸಿಯೇ ಸರಿಯಾಗಿ ಸಲ್ಲಿಸಲಿಲ್ಲ, ಅದು ತಪ್ಪೇ. ಆದರೆ ಉರಿಯುವುದು ಅಂದರೆ ಏನೆಂದು ಬಿಡಿಸಿ ಹೇಳಿದವನು ಇವನು.

ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕಂಪನಿಯಲ್ಲಿ ಪಾಲುದಾರನಾಗಿದ್ದ. ಪ್ರಯೋಗಾಲಯಕ್ಕೆ ದುಡ್ಡು ಕೊಟ್ಟ ಆ ಕೆಲಸವೇ ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಕುತ್ತಿಗೆಗೆ ಬಂತು. 1794ರ ಮೇ 8ರಂದು ಗಿಲೊಟಿನ್ ಯಂತ್ರದಲ್ಲಿ ಅವನ ತಲೆ ಕಡಿದರು. ಮಾವನನ್ನೂ ಅದೇ ದಿನ ಕೊಂದರು.

ಹೆಂಡತಿ ಮರೀ ಆ್ಯನ್ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಅವನಿಗಾಗಿ ಇಂಗ್ಲಿಷ್ ಪುಸ್ತಕ ಅನುವಾದಿಸಿದಳು. 1789ರ ಅವನ ರಸಾಯನಶಾಸ್ತ್ರ ಗ್ರಂಥದ ಉಪಕರಣಗಳ ಚಿತ್ರಗಳೆಲ್ಲ ಅವಳ ಕೈಯವು. ಒಂದೇ ದಿನ ಗಂಡನನ್ನೂ ಅಪ್ಪನನ್ನೂ ಕಳೆದುಕೊಂಡ ಆಕೆ, ಆಮೇಲೆ ಗಂಡನ ಲೇಖನಗಳನ್ನು ಒಟ್ಟುಮಾಡಿ ಹೊರತಂದಳು. ಮಗಳಿಗೆ ಅವಳ ಕಥೆಯನ್ನೂ ಪೂರ್ತಿ ಹೇಳಿದೆ.