ಸಿಂಡ್ರೆಲಾಳ ಬೇಳೆಗೆ ನಮ್ಮೂರಿನ ಜರಡಿ

ಆಲೂರು ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಿದ್ದ ಕಾಲದಲ್ಲಿ, ಒಂದು ಶನಿವಾರ ರಾತ್ರಿಯಿಡೀ ಕುಳಿತು ರಟ್ಟಿನಲ್ಲಿ ಇಪ್ಪತ್ತು ಚಪ್ಪಲಿಗಳನ್ನು ಕತ್ತರಿಸಿದ್ದೆ. ಹಾಸನಕ್ಕೆ ಹೋಗಿ ಲ್ಯಾಮಿನೇಷನ್ ಕೂಡ ಮಾಡಿಸಿ ತಂದಿದ್ದೆ. ಎಡಗಾಲಿನ ಚಪ್ಪಲಿಯ ಮೇಲೆ ಅಂಕಿ, ಬಲಗಾಲಿನದರ ಮೇಲೆ ಅಷ್ಟೇ ಚುಕ್ಕಿಗಳು. ಸಿಂಡ್ರೆಲಾಳ ಕಥೆ ಕೇಳಿದ ಮಕ್ಕಳು ಜೋಡಿ ಹುಡುಕಬೇಕು. ಐದೇ ನಿಮಿಷದಲ್ಲಿ ಆಟ ಮುಗಿಯಿತು. ಒಂದನೆಯ ತರಗತಿಯ ಹುಡುಗಿಯೊಬ್ಬಳು ಚಪ್ಪಲಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟು, “ಟೀಚರ್, ಕಥೆ ಎಲ್ಲೋಯ್ತು?” ಎಂದು ಕೇಳಿದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ನಾನು ಕಥೆಯಿಂದ ಚಪ್ಪಲಿಯನ್ನಷ್ಟೇ ಕಿತ್ತುಕೊಂಡು, ಅದಕ್ಕೆ ಗಣಿತವನ್ನು ಅಂಟಿಸಿದ್ದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡುಗಳು, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ ಎಲ್ಲವೂ ನಮ್ಮಲ್ಲಿದ್ದವು. ಅವುಗಳಿಗೆ ಇನ್ನೊಂದು ಕಂತೆ ಸೇರಿಸಿದ್ದೆ, ಅಷ್ಟೆ. ಕಥೆಯಲ್ಲಿ ಯಾರೋ ಒಬ್ಬರು ಕಷ್ಟಕ್ಕೆ ಸಿಕ್ಕಿಹಾಕಿಕೊಂಡಿರುತ್ತಾರಲ್ಲ, ಆ ಗಂಟನ್ನೇ ಬಿಡಿಸಲು ಮಕ್ಕಳ ಕೈಗೆ ಕೊಟ್ಟರೆ ಕಥೆಯೂ ಉಳಿಯುತ್ತದೆ, ಕಲಿಕೆಯೂ ನಡೆಯುತ್ತದೆ ಎಂಬುದು ನನಗೆ ಹೊಳೆದದ್ದು ಆಮೇಲೆ.

ಗಾಜಿನ ಚಪ್ಪಲಿ ಬರುವುದು 1697ರಲ್ಲಿ ಪ್ರಕಟವಾದ ಫ್ರಾನ್ಸಿನ ಷಾರ್ಲ್ ಪೆರೋನ ಕಥೆಯಲ್ಲಿ. ಜರ್ಮನಿಯ ಗ್ರಿಮ್ ಸಹೋದರರು ಹೇಳುವ ಸಿಂಡ್ರೆಲಾಳ ಪಾಡು ಬೇರೆ: ಮಲತಾಯಿ ಬೂದಿಯೊಳಗೆ ಬೇಳೆ ಸುರಿದು ಆರಿಸಲು ಹೇಳುತ್ತಾಳೆ, ಪಾರಿವಾಳಗಳು ಬಂದು ಆರಿಸಿಕೊಡುತ್ತವೆ. ಮುಂದಿನ ವಾರ ನಾನು ಒಂದು ಪಾವು ರಾಗಿ, ಒಂದು ಪಾವು ಹುರುಳಿ, ಒಂದು ಪಾವು ಒಣಬಟಾಣಿಯನ್ನು ದೊಡ್ಡ ತಟ್ಟೆಯಲ್ಲಿ ಬೆರೆಸಿ ತಂದೆ. “ಪಾರಿವಾಳ ಇವತ್ತು ರಜೆ” ಎಂದೆ. ಮೊದಲ ಹತ್ತು ನಿಮಿಷ ಎಲ್ಲರೂ ಬೆರಳಿನಲ್ಲೇ ಹೆಕ್ಕಿದರು. ಬಟಾಣಿ ಸುಲಭ, ಹುರುಳಿ ಆಗಬಹುದು, ರಾಗಿಯಂತೂ ಮುಗಿಯುವ ಕೆಲಸವಲ್ಲ. ಕೊನೆಗೆ ಒಬ್ಬ ಹುಡುಗ ಯಾರಿಗೂ ಹೇಳದೆ ಎದ್ದು ಬಿಸಿಯೂಟದ ಅಡುಗೆಮನೆಗೆ ಓಡಿಹೋಗಿ ಜರಡಿ ಹಿಡಿದುಕೊಂಡು ಬಂದ. ರಾಗಿ ಜರ್ರನೆ ಕೆಳಗಿಳಿಯಿತು. ಉಳಿದದ್ದನ್ನು ಮೊರದಲ್ಲಿ ಹಾಕಿ ಓರೆ ಮಾಡಿದಾಗ ದುಂಡನೆಯ ಬಟಾಣಿ ಉರುಳಿ ಮುಂದಕ್ಕೆ ಬಂತು, ಚಪ್ಪಟೆಯ ಹುರುಳಿ ಹಿಂದೆಯೇ ನಿಂತಿತು. ಗಾತ್ರದಿಂದ ಬೇರ್ಪಡಿಸುವುದು ಒಂದು, ಆಕಾರದಿಂದ ಬೇರ್ಪಡಿಸುವುದು ಇನ್ನೊಂದು ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ.

ಅಷ್ಟರಲ್ಲಿ ಒಬ್ಬಳು, “ನಮ್ಮಮ್ಮ ಕಾಫಿ ಕ್ಯೂರಿಂಗಲ್ಲಿ ಇದೇ ಕೆಲ್ಸ ಮಾಡದು, ಕಪ್ಪು ಬೀಜ ಆರ್ಸದು” ಎಂದಳು. ಕೂಡಲೇ ಇನ್ನೊಬ್ಬನಿಗೆ ಸಿಂಡ್ರೆಲಾಳಿಗೆ ದಿನಗೂಲಿ ಎಷ್ಟು ಕೊಡುತ್ತಿದ್ದರೆಂದು ತಿಳಿಯಬೇಕಾಯಿತು. ಏನೂ ಕೊಡುತ್ತಿರಲಿಲ್ಲ ಎಂದಾಗ ಇಡೀ ತರಗತಿಗೆ ಮಲತಾಯಿಯ ಮೇಲೆ ಬಂದ ಸಿಟ್ಟು, ನಾನು ಎಷ್ಟು ರಾಗವಾಗಿ ಕಥೆ ಹೇಳಿದ್ದರೂ ಬರುತ್ತಿರಲಿಲ್ಲ.

ಇದೇ ಆಟದಲ್ಲಿ ನನ್ನಿಂದ ಒಂದು ತಪ್ಪೂ ಆಯಿತು. ಅಕ್ಕನ ಜೊತೆ ಬಂದು ಕೂತಿದ್ದ ಮೂರು ವರ್ಷದ ಮಗುವೊಂದು ಬಟಾಣಿಯನ್ನು ಮೂಗಿಗೆ ಏರಿಸಿಕೊಂಡಿತು. ಆಸ್ಪತ್ರೆಯಲ್ಲಿ ಅದನ್ನು ಹೊರತೆಗೆಯುವವರೆಗೆ ನನ್ನ ಜೀವದಲ್ಲಿ ಜೀವವಿರಲಿಲ್ಲ. ಒಣಬಟಾಣಿ ಒದ್ದೆಯಾದರೆ ಉಬ್ಬುತ್ತದೆ, ಮೂಗಿನೊಳಗೂ ಉಬ್ಬುತ್ತದೆ. ಅಂದಿನಿಂದ ಅಷ್ಟು ಚಿಕ್ಕ ಮಕ್ಕಳಿದ್ದರೆ ಕಾಳಿನ ಆಟವಿಲ್ಲ. ಅವರಿಗೆ ಬದನೆಕಾಯಿ, ಆಲೂಗಡ್ಡೆ, ನಿಂಬೆಹಣ್ಣು ಬೆರೆಸಿದ ಬುಟ್ಟಿಯೇ ಸಾಕು.

ಹಸುವನ್ನು ಮಾರಲು ಹೋದ ಜಾಕ್ ಮಾಯದ ಬೀಜ ತಂದ ಕಥೆಯನ್ನು ನಾನು ಧನುರ್ಮಾಸಕ್ಕೇ ಮೀಸಲಿಟ್ಟಿದ್ದೇನೆ, ಏಕೆಂದರೆ ಆಗ ನಮ್ಮಲ್ಲಿ ಸೊಗಡಿನ ಅವರೆಕಾಯಿಯ ಕಾಲ. ಹಿದುಕಿದ ಬೇಳೆಯ ಸಾರಿಗೆ ನೆನೆಸಿದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಹೊರಬರುತ್ತದಷ್ಟೆ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳುಗಳ ಬಿಗಿ ಇದೇ. ಎರಡು ಪುಟ ಓರೆಗೆರೆ ಬರೆಸುವುದಕ್ಕಿಂತ ಒಂದು ಬಟ್ಟಲು ಅವರೆ ಹಿದುಕಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಅಮ್ಮನಿಗೂ ಅರ್ಧ ಗಂಟೆ ಉಳಿತಾಯ. ಚಿಮ್ಮಿದ ಬೇಳೆಯನ್ನು ಮೆಲ್ಲನೆ ಎರಡು ಹೋಳು ಮಾಡಿದರೆ, ಒಂದು ಹೋಳಿನ ಅಂಚಿಗೆ ಅಂಟಿಕೊಂಡ ಪುಟ್ಟ ಮೂತಿಯೊಂದು ಕಾಣಿಸುತ್ತದೆ. “ಜಾಕನ ಗಿಡ ಮಲಗಿರೋದು ಇಲ್ಲೇ” ಎಂದು ತೋರಿಸಿದಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ.

ಅನಂತರ ಒಣ ಅವರೆಕಾಳುಗಳನ್ನು ರಾತ್ರಿ ನೆನೆಸಿ, ಗಾಜಿನ ಲೋಟದ ಒಳಮೈಗೂ ಒದ್ದೆ ಹತ್ತಿಗೂ ನಡುವೆ ಸಿಕ್ಕಿಸಿಡುತ್ತೇವೆ. ಒಂದನ್ನು ಬೇಕೆಂದೇ ತಲೆಕೆಳಗಾಗಿ ಇಡುತ್ತೇನೆ. ಕೆಲವು ದಿನ ಕಳೆದ ಮೇಲೆ ನೋಡಿದರೆ ಅದರ ಬೇರು ಕೊಕ್ಕೆಯಂತೆ ಬಾಗಿ ಕೆಳಕ್ಕೇ ಹೊರಟಿರುತ್ತದೆ. ಬಳ್ಳಿ ನೆಲಕ್ಕೆ ಹೋಗಿ ಕೋಲಿಗೆ ಹಬ್ಬತೊಡಗಿದಾಗ ಮಕ್ಕಳು ಗೇಣಿನಲ್ಲಿ ಅಳೆಯುತ್ತಾರೆ. ಅವರಿಗೆ ಐದು ಗೇಣು ಬಂದದ್ದು ನನಗೆ ಮೂರೂವರೆಯೇ ಬರುತ್ತದೆ, ಜಗಳ ಶುರುವಾಗುತ್ತದೆ, ಆಗ ಅಳತೆಪಟ್ಟಿ ಹೊರಗೆ ಬರುತ್ತದೆ. ಜಗಳಕ್ಕೆ ಮುಂಚೆ ಅದನ್ನು ತೋರಿಸಿದರೆ ಯಾರಿಗೂ ಬೇಡ.

ಜಾಕನ ಕಥೆಯಲ್ಲಿ ಮುಗಿಲಿಗೆ ಬೆಳೆದ ಬಳ್ಳಿಯ ತುದಿಯಲ್ಲಿ ರಾಕ್ಷಸನಿದ್ದಾನೆ. ಎಷ್ಟು ಎತ್ತರ? “ಗೊಮ್ಮಟನಷ್ಟು” ಎಂದ ಹುಡುಗ ಹಿಂದಿನ ತಿಂಗಳಷ್ಟೇ ಶ್ರವಣಬೆಳಗೊಳಕ್ಕೆ ಹೋಗಿಬಂದಿದ್ದ. ಗೊಮ್ಮಟ ಸುಮಾರು 58 ಅಡಿ. ಅಷ್ಟುದ್ದದ ಹಗ್ಗವನ್ನು ಮೈದಾನದಲ್ಲಿ ಹಾಸಿ, ಅದರ ಪಕ್ಕದಲ್ಲಿ ಮಕ್ಕಳನ್ನು ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ತಾಗುವಂತೆ ಸಾಲಾಗಿ ಮಲಗಿಸಿದೆವು. ಹದಿನೇಳನೆಯವಳ ಪಾದ ಹಗ್ಗದ ಆಚೆ ಉಳಿಯಿತು. ಶಾಂತಮೂರ್ತಿಯಾದ ಬಾಹುಬಲಿಯನ್ನು ರಾಕ್ಷಸನಿಗೆ ಅಳತೆಗೋಲು ಮಾಡಿದ್ದಕ್ಕೆ ಸಹೋದ್ಯೋಗಿಯೊಬ್ಬರು ನಕ್ಕು ಆಕ್ಷೇಪಿಸಿದರು. ನನಗೂ ತುಸು ಅಳುಕಿತ್ತು, ಆದರೆ ಹೋಲಿಕೆ ನನ್ನದಾಗಿರಲಿಲ್ಲ.

ಪರದೇಶದ ಕಥೆಗಳನ್ನು ಹೀಗೆ ನಮ್ಮ ಅಂಗಳಕ್ಕೆ ಎಳೆದು ತರುವುದು ಸರಿಯೇ ಎಂದು ಕೇಳುವವರಿದ್ದಾರೆ. ಮೂರು ಕರಡಿಗಳ ಕಥೆಯನ್ನು ಇಂಗ್ಲೆಂಡಿನ ಕವಿ ರಾಬರ್ಟ್ ಸದೀ 1837ರಲ್ಲಿ ಅಚ್ಚು ಹಾಕಿಸಿದಾಗ, ಕರಡಿಗಳ ಮನೆಗೆ ನುಗ್ಗಿದವಳು ಹೊಂಗೂದಲಿನ ಹುಡುಗಿಯಲ್ಲ, ಒಬ್ಬಳು ಮುದುಕಿ. ಅವರೇ ಬದಲಾಯಿಸಿಕೊಂಡ ಮೇಲೆ, ನಮ್ಮ ಕರಡಿಗಳು ಮೂರು ಅಳತೆಯ ಬಟ್ಟಲುಗಳಲ್ಲಿ ರಾಗಿ ಅಂಬಲಿ ಕುಡಿದರೆ ತಪ್ಪೇನು?

ತೋಳ ಊದಿ ಮನೆ ಬೀಳಿಸುವ ಮೂರು ಹಂದಿಮರಿಗಳ ಕಥೆಗಂತೂ ನಮ್ಮಲ್ಲಿ ದಾಯಾದಿಯೇ ಇದೆ. ಕಾಗಕ್ಕನ ಸಗಣಿಯ ಮನೆ ಮಳೆಗೆ ಕರಗಿಹೋಗಿ, ಅವಳು ಗುಬ್ಬಕ್ಕನ ಕಲ್ಲಿನ ಮನೆಯ ಬಾಗಿಲು ತಟ್ಟುವ ಕಥೆಯನ್ನು ಕೇಳದ ಮಕ್ಕಳು ನಮ್ಮ ಕಡೆ ಕಡಿಮೆ. ಎರಡನ್ನೂ ಒಂದೇ ದಿನ ಹೇಳುತ್ತೇನೆ. ಹುಲ್ಲು, ಕಾಫಿ ಗಿಡ ಸವರಿದಾಗ ಬೀಳುವ ಕಸಿ ಕಡ್ಡಿ, ಬೆಲ್ಲದ ಅಚ್ಚು, ಹಸಿಮಣ್ಣು, ಕಲ್ಲುಚೂರುಗಳಿಂದ ಗುಂಪಿಗೊಂದು ಮನೆ ಕಟ್ಟುತ್ತಾರೆ. ತೋಳಕ್ಕೆ ಬೀಸಣಿಗೆ, ಮಳೆಗೆ ತೂತು ಕೊರೆದ ಡಬ್ಬಿ. ಗಾಳಿಗೆ ಮಿಸುಕದ ಬೆಲ್ಲದ ಮನೆ ನೀರಿಗೆ ಕುಸಿಯುತ್ತದೆ. ಗಾಳಿಗೆ ಹಾರಿಹೋದ ಹುಲ್ಲನ್ನೇ ದಪ್ಪನಾಗಿ ಓರೆಯಾಗಿ ಹೊದಿಸಿದರೆ ಮಳೆ ಜಾರಿಹೋಗುತ್ತದೆ. ಗಟ್ಟಿ ಎಂಬ ಮಾತಿಗೆ ‘ಯಾವುದರ ಎದುರು?’ ಎಂಬ ಪ್ರಶ್ನೆ ಅಂಟಿಕೊಂಡಿದೆ ಎಂಬುದು ಆರು ವರ್ಷದವರಿಗೂ ಅರ್ಥವಾಗುತ್ತದೆ.

ಆ ದಿನ ಎಲ್ಲ ಮುಗಿಯಿತೆಂದುಕೊಂಡಾಗ ಎರಡನೆಯ ತರಗತಿಯ ಹುಡುಗನೊಬ್ಬ, “ತೋಳ ಊದಿದ್ರೆ ಸರಿ ಟೀಚರ್, ಆನೆ ಬಂದ್ರೆ?” ಎಂದ. ಆಲೂರು, ಸಕಲೇಶಪುರದ ಕಡೆ ರಾತ್ರಿ ತೋಟಕ್ಕೂ ಗದ್ದೆಗೂ ಇಳಿಯುವ ಆನೆಗಳ ಸದ್ದು ಕೇಳಿ ಬೆಳೆದ ಮಗುವಿಗೆ ತೋಳದ ಭಯ ಎಲ್ಲಿಂದ ಬರಬೇಕು? ಇಟ್ಟಿಗೆಯ ಮನೆಯೂ ಸಾಲದು ಎಂದು ಎಲ್ಲರೂ ಒಪ್ಪಿದರು. ನಾನು ಸುಮ್ಮನಿದ್ದೆ. ಅವನೇ ಕಸಿ ಕಡ್ಡಿಗಳನ್ನು ಬಾಳೆನಾರಿನಿಂದ ಕಟ್ಟಿ, ನಾಲ್ಕು ಕಂಬದ ಮೇಲೆ ಕಾವಲಿನ ಅಟ್ಟಣೆಯಂಥದ್ದೊಂದನ್ನು ನಿಲ್ಲಿಸಿದ, ಏಣಿಯನ್ನೂ ಇಟ್ಟ. “ಹಂದಿ ಏಣಿ ಹತ್ತಲ್ಲ ಕಣೋ” ಎಂದಳು ಪಕ್ಕದವಳು. ಏಣಿ ಹೋಗಿ ಇಳಿಜಾರಿನ ಹಲಗೆ ಬಂತು. ಹಲಗೆಯ ಮೇಲೆ ಆನೆಯೂ ಹತ್ತಬಹುದಲ್ಲ ಎಂದು ಇನ್ನೊಬ್ಬ ತಕರಾರು ತೆಗೆದಾಗ, ಹುಡುಗ ಸ್ವಲ್ಪ ಹೊತ್ತು ಕಡ್ಡಿಗಳನ್ನೇ ನೋಡುತ್ತ ಕೂತಿದ್ದು, ಹಲಗೆಯ ತುದಿಗೆ ದಾರ ಕಟ್ಟಿ ಅಟ್ಟಣೆಯ ಮೇಲಕ್ಕೆ ಎಳೆದುಕೊಂಡ.