ದೊಡ್ಡ ಫೈಲಿಗೆ ಮಿತಿ ಏರಿಸಿದರಷ್ಟೇ ಸಾಲದು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ತಾಳಮದ್ದಳೆಯ ವಿಡಿಯೋ ಅಪ್‌ಲೋಡ್ ಮಾಡಿಸಿಕೊಳ್ಳುವ ವೆಬ್‌ಸೈಟ್ ಕಟ್ಟುವುದಿದ್ದರೆ ಮೊದಲು ಒಂದು ಲೆಕ್ಕ ಹಾಕಿ. ಸೆಕೆಂಡಿಗೆ 8 ಮೆಗಾಬಿಟ್‌ನಂತೆ ರೆಕಾರ್ಡ್ ಆದ ಒಂದು ಗಂಟೆಯ ವಿಡಿಯೋ ಅಂದರೆ 3.6 ಜಿಬಿ. ಕಳಿಸುವವರ ಅಪ್‌ಲೋಡ್ ವೇಗ 2 ಮೆಗಾಬಿಟ್ ಇದ್ದರೆ ಅದು ಸರ್ವರ್ ಮುಟ್ಟಲು ನಾಲ್ಕು ಗಂಟೆ ಬೇಕು. ಆಟಿ ತಿಂಗಳ ಮಳೆಯಲ್ಲಿ ಅಷ್ಟು ಹೊತ್ತು ಕರೆಂಟೂ ನೆಟ್‌ವರ್ಕೂ ಕೈಕೊಡುವುದಿಲ್ಲ ಎಂದು ನಂಬಿ ಕೋಡ್ ಬರೆಯುವಂತಿಲ್ಲ.

ಮೊದಲು ಎದುರಾಗುವುದು 413 ಎರರ್, ಅಂದರೆ ಕಳಿಸಿದ್ದು ಮಿತಿಗಿಂತ ದೊಡ್ಡದು ಎಂಬ ಸರ್ವರ್ ಉತ್ತರ. ಬ್ರೌಸರ್ ಕಳಿಸಿದ್ದನ್ನು ಮೊದಲು ಪಡೆಯುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ತಾನಾಗಿ ಬಿಡುವುದು 1 ಎಂಬಿ ಮಾತ್ರ. ಅದನ್ನು ಏರಿಸಿದ ಮೇಲೆ ಅದರ ಹಿಂದೆ ವೆಬ್‌ಸೈಟಿನ ಕೋಡ್ ಓಡಿಸುವ ಪಿಎಚ್‌ಪಿ ತಡೆಯುತ್ತದೆ: ಒಂದು ಫೈಲಿಗೆ 2 ಎಂಬಿ, ಇಡೀ ಪೋಸ್ಟ್‌ಗೆ (ಫೈಲೂ ಸೇರಿ ಫಾರ್ಮ್ ಒಮ್ಮೆಗೆ ಕಳಿಸುವುದಕ್ಕೆ) 8 ಎಂಬಿ. ಈ ಎರಡನೆಯದನ್ನು ಮೀರಿದರೆ ಫೈಲ್ ಮಾತ್ರವಲ್ಲ, ಫಾರ್ಮಿನ ಎಲ್ಲ ಫೀಲ್ಡ್‌ಗಳೂ ಖಾಲಿಯಾಗಿ ಬರುತ್ತವೆ. ಆಗ ಆ್ಯಪ್ (ಸರ್ವರ್‌ನಲ್ಲಿ ಓಡುವ ನಮ್ಮ ಕೋಡ್) 'ಶೀರ್ಷಿಕೆ ಬರೆದಿಲ್ಲ' ಎಂದು ದೂರುತ್ತದೆ, ನಾವು ಫಾರ್ಮಿನಲ್ಲಿ ತಪ್ಪು ಹುಡುಕುತ್ತೇವೆ.

ಎಲ್ಲ ಮಿತಿಗಳನ್ನೂ 5 ಜಿಬಿಗೆ ಏರಿಸಿದರೆ ಸಣ್ಣ ಸರ್ವರ್‌ಗೆ ಬೇರೆಯೇ ಕಷ್ಟ. ಎಂಜಿನ್‌ಎಕ್ಸ್ ಇಡೀ ಫೈಲನ್ನು ತನ್ನ ಟೆಂಪ್ (ತಾತ್ಕಾಲಿಕ) ಫೋಲ್ಡರಿಗೆ ಬರೆದುಕೊಂಡ ಮೇಲಷ್ಟೇ ಪಿಎಚ್‌ಪಿಗೆ ಕೊಡುತ್ತದೆ. ಪಿಎಚ್‌ಪಿ ಮತ್ತೆ ತನ್ನ ಟೆಂಪ್‌ಗೆ ಬರೆಯುತ್ತದೆ. ಕೊನೆಯ ಫೋಲ್ಡರ್ ಬೇರೆ ಪಾರ್ಟಿಷನ್‌ನಲ್ಲಿದ್ದರೆ ಮೂವ್ ಅಂದದ್ದೂ ಕಾಪಿಯೇ ಆಗುತ್ತದೆ. 3.6 ಜಿಬಿಗೆ ಒಟ್ಟು ಹತ್ತು ಜಿಬಿ ದಾಟುವುದು ಹೀಗೆ. ಇಷ್ಟಾದರೂ 99 ಪರ್ಸೆಂಟಿನಲ್ಲಿ ಲೈನ್ ಕಡಿದರೆ ಮತ್ತೆ ಸೊನ್ನೆಯಿಂದ ಶುರು.

ಹಾಗಾಗಿ ಫೈಲನ್ನು ಬ್ರೌಸರಿನಲ್ಲೇ 5 ಎಂಬಿ ತುಂಡುಗಳಾಗಿ ಸ್ಲೈಸ್ ಮಾಡಿ ಕಳಿಸಬೇಕು. 2 ಮೆಗಾಬಿಟ್ ವೇಗದಲ್ಲಿ ಒಂದು ತುಂಡಿಗೆ 20 ಸೆಕೆಂಡ್. ಲೈನ್ ಹೋದರೆ ನಷ್ಟವೂ ಅಷ್ಟೇ. 50 ಎಂಬಿ ಇಟ್ಟರೆ 200 ಸೆಕೆಂಡಿನ ಕೆಲಸ ಹಾಳು. ಇದಕ್ಕೆ ಟಸ್ ಎಂಬ ಮುಕ್ತ ಪ್ರೋಟೋಕಾಲ್ (ಬ್ರೌಸರೂ ಸರ್ವರೂ ಪಾಲಿಸುವ ನಿಯಮಾವಳಿ) ಇದೆ. ಲೈನ್ ಮರಳಿದಾಗ ಬ್ರೌಸರ್ ಹೆಡ್ ರಿಕ್ವೆಸ್ಟ್ ಕಳಿಸುತ್ತದೆ, ಎಷ್ಟು ಬೈಟ್ ಬಂದಿದೆ ಎಂದು ಸರ್ವರ್ ಹೇಳುತ್ತದೆ, ಉಳಿದದ್ದನ್ನು ಕಳಿಸುವ ಪ್ಯಾಚ್ ರಿಕ್ವೆಸ್ಟ್ ಅಲ್ಲಿಂದ ಮುಂದುವರಿಯುತ್ತದೆ. ಎರಡೂ ಕಡೆಯ ಲೆಕ್ಕ ತಾಳೆಯಾಗದಿದ್ದರೆ ಸರ್ವರ್ 409 ಎರರ್ ಕೊಡುತ್ತದೆ. ಇದನ್ನೆಲ್ಲ ಸ್ವಂತ ಬರೆಯಲು ಹೊರಡಬೇಡಿ, ಸಿದ್ಧ ಲೈಬ್ರರಿಗಳು ಚೆನ್ನಾಗಿವೆ.

ಫೈಲ್ ಇಡಲು ಅಮೆಜಾನಿನ ಬಾಡಿಗೆ ಸೇವೆ ಎಸ್‌3 ಬಳಸುವವರು ಬ್ರೌಸರಿಗೆ ಪ್ರೀಸೈನ್ಡ್ ಯುಆರ್‌ಎಲ್ (ಸ್ವಲ್ಪ ಹೊತ್ತಿಗೆ ಮಾತ್ರ ಅನುಮತಿಯಿರುವ ಲಿಂಕ್) ಕೊಟ್ಟು ಫೈಲನ್ನು ನೇರ ಅಲ್ಲಿಗೇ ಕಳಿಸಬಹುದು. ಅಲ್ಲಿ ಕೊನೆಯ ತುಂಡು ಬಿಟ್ಟು ಉಳಿದವು ಕನಿಷ್ಠ 5 ಎಂಬಿ ಇರಲೇಬೇಕು, ತುಂಡುಗಳು 10,000 ಮೀರಬಾರದು. ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳು ಫೈಲ್ ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತವೆ. ಅವನ್ನು ಇಂತಿಷ್ಟು ದಿನದ ಮೇಲೆ ತಾನಾಗಿ ಅಳಿಸುವ ಲೈಫ್‌ಸೈಕಲ್ ರೂಲ್ ಮೊದಲ ದಿನವೇ ಹಾಕಿಡಿ.

ಡೌನ್‌ಲೋಡ್‌ನಲ್ಲಿ ಆ್ಯಪ್‌ನ ಕೆಲಸ ಅನುಮತಿ ನೋಡುವುದಷ್ಟೇ ಆಗಿರಲಿ. ಅದು ತನ್ನ ಉತ್ತರದಲ್ಲಿ ಎಕ್ಸ್-ಆ್ಯಕ್ಸೆಲ್-ರೀಡೈರೆಕ್ಟ್ ಹೆಡರ್ (ಉತ್ತರದ ಜೊತೆ ಹೋಗುವ ಸೂಚನೆಯ ಸಾಲು) ಕೊಟ್ಟರೆ ಫೈಲನ್ನು ಎಂಜಿನ್‌ಎಕ್ಸ್ ತಾನೇ ಡಿಸ್ಕಿನಿಂದ ಓದಿ ಕಳಿಸುತ್ತದೆ. ನಿಂತಲ್ಲಿಂದ ಮುಂದುವರಿಸುವ ರೇಂಜ್ ಸೌಲಭ್ಯವೂ ಜೊತೆಗೇ ಸಿಗುತ್ತದೆ. ಆ್ಯಪ್ ಮೂಲಕವೇ ಹರಿಸಿದರೆ ಡೌನ್‌ಲೋಡ್ ಸುಮಾರು 1 ಜಿಬಿ ದಾಟಿದ ಮೇಲೆ ಕಡಿಯುವ ವಿಚಿತ್ರ ತೊಂದರೆ ಬರಬಹುದು. ಪಡೆಯುವವರ ಲೈನ್ ನಿಧಾನವಿದ್ದಾಗ ಎಂಜಿನ್‌ಎಕ್ಸ್ ಆ್ಯಪ್‌ನಿಂದ ಬಂದದ್ದನ್ನು ಟೆಂಪ್ ಫೈಲಿಗೆ ತುಂಬಿಕೊಳ್ಳುತ್ತದೆ. ಅದರ ಮಿತಿ 1024 ಎಂಬಿ. ಅದು ತುಂಬಿದ ಮೇಲೆ ಆ್ಯಪ್ ಕಾಯಬೇಕು. ಕಾದು ಕಾದು ಟೈಮ್‌ಔಟ್ ಆಗಿ ಕನೆಕ್ಷನ್ ಮುಚ್ಚುತ್ತದೆ.

ಕನ್ನಡದ ಫೈಲ್ ಹೆಸರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ನಮ್ಮವರು ಪ್ರಸಂಗ, ಸಂಘ, ಊರು, ಅರ್ಥಧಾರಿಗಳ ಹೆಸರು ಎಲ್ಲವನ್ನೂ ಫೈಲಿನ ಹೆಸರಲ್ಲೇ ಬರೆಯುತ್ತಾರೆ. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, 'ಕ್ಷ' ಒಂದಕ್ಕೇ 9. ಆದ್ದರಿಂದ ಡಿಸ್ಕಿನಲ್ಲಿ ಬರೀ ಐಡಿ ನಂಬರ್ ಇಡಿ, ಮೂಲ ಹೆಸರು ಡೇಟಾಬೇಸಿನಲ್ಲಿರಲಿ. ಡೌನ್‌ಲೋಡ್ ಆಗುವಾಗ ಕಂಟೆಂಟ್-ಡಿಸ್ಪೊಸಿಷನ್ ಹೆಡರಿನಲ್ಲಿ ನಕ್ಷತ್ರ ಚಿಹ್ನೆಯಿರುವ ಫೈಲ್‌ನೇಮ್‌ಗೆ ಯುಟಿಎಫ್-8 ರೂಪದಲ್ಲಿ ಆ ಹೆಸರನ್ನು ಕೊಟ್ಟರೆ ಅದು ಕನ್ನಡದಲ್ಲೇ ಸೇವ್ ಆಗುತ್ತದೆ.