ಓವೆರ್ನ್ಯದಲ್ಲಿ ಸೈಕಲ್: ಗುಡ್ಡದ ಜಾತಿ ನೋಡಿ ದಾರಿ ಹಿಡಿಯಿರಿ

ಫ್ರಾನ್ಸಿನ ನಟ್ಟನಡುವೆ ಇರುವ ಓವೆರ್ನ್ಯಕ್ಕೆ ರೋಡ್ ಸೈಕಲ್ ಒಯ್ಯುವವರು ಮಾಡುವ ಮೊದಲ ತಪ್ಪು, ನೇರ ಪ್ಯುಯ್ ದ ದೋಮ್ ಶಿಖರಕ್ಕೆ ಕಣ್ಣು ಹಾಕುವುದು. 1988ರ ನಂತರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ 2023ರಲ್ಲಿ ಮತ್ತೆ ಅಲ್ಲಿಗೆ ಹೋಯಿತು. ಕೊನೆಯ ನಾಲ್ಕು ಕಿಲೋಮೀಟರಿನ ಶೇ. 12ರ ಏರನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಆದರೆ 1,465 ಮೀಟರ್ ಎತ್ತರದ ಆ ತುದಿಗೆ ಸುತ್ತಿಕೊಂಡು ಏರುವ ರಸ್ತೆಯ ಒಂದು ಪಕ್ಕದಲ್ಲಿ 2012ರಿಂದ ಹಲ್ಲುಹಳಿಯ ರೈಲು ಓಡುತ್ತಿದೆ. ಸ್ಪರ್ಧೆಯಂಥ ವಿಶೇಷ ದಿನ ಬಿಟ್ಟರೆ ಸೈಕಲ್‌ಗೆ ಆ ರಸ್ತೆಯಲ್ಲಿ ಪ್ರವೇಶವಿಲ್ಲ. ಬುಡದವರೆಗೆ ಬೆವರು ಸುರಿಸಿ ಗೇಟಿನ ಮುಂದೆ ನಿಂತು ವಾಪಸಾಗುವುದಕ್ಕಿಂತ ಅದನ್ನು ದೂರದಿಂದ ನೋಡಿ ಮುಂದೆ ಹೋಗುವುದು ಲೇಸು.

ಈ ನಾಡಿನಲ್ಲಿ ಸೈಕಲ್ ಹೊಡೆಯಲು ಒಂದೇ ಸೂತ್ರ ಸಾಕು. ರಸ್ತೆ ಎಲ್ಲಿ ಕಡಿದಾಗಿದೆ, ಎಲ್ಲಿ ವಾಹನವಿಲ್ಲದೆ ಖಾಲಿ ಬಿದ್ದಿದೆ ಎಂಬುದು ಅಲ್ಲಿನ ಜ್ವಾಲಾಮುಖಿ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಸುಮಾರು 80 ಸಣ್ಣ ಶಂಕುಗಳ ಸಾಲು ಒಂದು ಕಡೆ, ಲಾವಾ ಹರಿದು ಹಾಸಿದ ಬಯಲು ಇನ್ನೊಂದು ಕಡೆ, ಹಿಮನದಿಗಳು ಕೊರೆದು ಹಾಕಿದ ಹಳೆಯ ದೈತ್ಯ ಜ್ವಾಲಾಮುಖಿ ಮತ್ತೊಂದು ಕಡೆ. ಮೂರೂ ಒಂದೇ ಪ್ರದೇಶದಲ್ಲಿವೆ, ಆದರೆ ಕಾಲಿಗೆ ಕೊಡುವ ಕೆಲಸ ಬೇರೆ ಬೇರೆ.

ಶಂಕುಗಳ ಸಾಲು, ಅಂದರೆ ಷೆನ್ ದೆ ಪ್ಯುಯ್, 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಪ್ರಸಿದ್ಧಿ ಇದಕ್ಕೇ ಹೆಚ್ಚು, ಸವಾರಿಗೆ ಮಾತ್ರ ಮೂರರಲ್ಲಿ ಇದಕ್ಕೇ ಕೊನೆಯ ಸ್ಥಾನ. ಶಂಕುಗಳು ನಿಂತಿರುವುದು ಸಾವಿರ ಮೀಟರ್ ಆಸುಪಾಸಿನ ಪ್ರಸ್ಥಭೂಮಿಯ ಮೇಲೆ; ರಸ್ತೆಗಳು ಅವುಗಳನ್ನು ಹತ್ತುವುದಿಲ್ಲ, ನಡುವೆ ನುಸುಳಿ ಹೋಗುತ್ತವೆ. ನಿಜವಾದ ಏರು ಇರುವುದು ಕ್ಲೆರ್ಮೋಂ-ಫೆರಾಂ ನಗರದಿಂದ ಪ್ರಸ್ಥಭೂಮಿಗೆ ಹತ್ತುವಾಗ, ಭೂಸ್ತರ ಬಿರುಕಿನ ಗೋಡೆಯ ಮೇಲೆ. ನಗರಕ್ಕೆ ಓಡಾಡುವ ಕಾರುಗಳೆಲ್ಲ ಆ ಪೂರ್ವದ ಮುಖದಲ್ಲೇ. ಹಾಗಾಗಿ 1,078 ಮೀಟರಿನ ಸೆಯ್ಸಾ ಘಾಟಿಯನ್ನು ಬೆಳಿಗ್ಗೆ ಎಂಟರೊಳಗೆ ದಾಟಿ ಪಶ್ಚಿಮಕ್ಕೆ, ಸಿಯೂಲ್ ನದಿಯ ಕಡೆಯ ಹಳ್ಳಿಗಳತ್ತ ಇಳಿದುಬಿಡಿ. ತಡವಾದರೆ ಘಾಟಿಯ ಪಾರ್ಕಿಂಗ್ ಜಾಗದಲ್ಲಿ ಚಾರಣಿಗರ ಕಾರುಗಳ ನಡುವೆ ಸಿಕ್ಕಿಕೊಳ್ಳುತ್ತೀರಿ.

ದಕ್ಷಿಣಕ್ಕೆ ಸಾಂಸಿ ಗುಡ್ಡಗಳು. ಮೊದಲ ದಿನಕ್ಕೆ ಹೇಳಿಮಾಡಿಸಿದ ಸುತ್ತು ಇಲ್ಲಿದೆ. ಬೆಸ್ ಊರಿನಿಂದ ಡಿ 36 (ಡಿ ಅಂದರೆ ಜಿಲ್ಲಾ ರಸ್ತೆ) ಹಿಡಿದು ಶೋದ್‌ಫೂರ್ ಕಣಿವೆಯ ಬದಿಯಿಂದ ಕ್ರ್ವಾ ಸೇಂ ರೊಬೇರ್ ಘಾಟಿಗೆ (1,451 ಮೀ.) ಏರಿ, ಮೋಂ ದೋರ್‌ಗೆ (1,050 ಮೀ.) ಇಳಿದು, ಡಿ 996ರಲ್ಲಿ ಕ್ರ್ವಾ ಮೊರಾಂ ಘಾಟಿ (1,401 ಮೀ.) ದಾಟಿ, ಶಾಂಬೋಂ ಸರೋವರ, ಮ್ಯುರೋಲ್ ಮೂಲಕ ಡಿ 5ರಲ್ಲಿ ಬೆಸ್‌ಗೆ ಮರಳುವುದು. ಒಟ್ಟು 60 ಕಿ.ಮೀ. ಆಸುಪಾಸು, ಏರು ಸಾವಿರ ಮೀಟರಿಗಿಂತ ಸ್ವಲ್ಪ ಹೆಚ್ಚು. ಡಿ 36 ಬಹುಪಾಲು ಖಾಲಿ. ಡಿ 996 ಹಾಗಲ್ಲ: ಬೇಸಿಗೆಯಲ್ಲಿ ಸರೋವರಕ್ಕೆ ಹೋಗುವವರ ಕಾರು, ವಾರಾಂತ್ಯದಲ್ಲಿ ಮೋಟಾರ್‌ಸೈಕಲ್ ದಂಡು. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನಕ್ಕೆ ಮುಂಚೆಯೇ ಅದು ಮುಗಿದಿರುತ್ತದೆ.

ಸಾಂಸಿಗೂ ಕಾಂತಾಲ್‌ಗೂ ನಡುವಿನ ಸೆಜಾಲಿಯೆ ಬಯಲು ಮೌನ ಬೇಕೆಂದವರಿಗೆ. ಬಸಾಲ್ಟ್ ಹಾಸಿನ ಮೇಲೆ ಹುಲ್ಲು, ಬೇಲಿ, ದನ, ಅಷ್ಟೇ. ಮರವಿಲ್ಲ. ಏರುಗಳು ಚಿಕ್ಕವು, ಆದರೆ ಗಾಳಿಗೆ ಅಡ್ಡ ಏನೂ ಇಲ್ಲ. ಇಲ್ಲಿ ಸುತ್ತಿನ ದಿಕ್ಕನ್ನು ನಕ್ಷೆ ನೋಡಿ ತೀರ್ಮಾನಿಸಬೇಡಿ, ಆ ದಿನದ ಗಾಳಿ ನೋಡಿ. ಮೊದಲರ್ಧ ಎದುರುಗಾಳಿ ಇರಲಿ, ಸುಸ್ತಾದ ಮೇಲೆ ಬೆನ್ನಿಗೆ ಬರಲಿ. ಮೇ ತಿಂಗಳ ಕೊನೆಯಲ್ಲಿ ದನಗಳನ್ನು ಬೇಸಿಗೆಯ ಮೇವಿಗೆ ಮೇಲಕ್ಕೆ ಹೊಡೆಯುತ್ತಾರೆ. ಹಿಂಡು ಎದುರಾದರೆ ಇಳಿದು ರಸ್ತೆಯ ಅಂಚಿಗೆ ನಿಂತುಬಿಡಿ. ಸಾಲೇರ್ ತಳಿಯ ಕೊಂಬು ನೋಡಿದ ಮೇಲೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಕಾಂತಾಲ್. ಹಳೆಯ ಜ್ವಾಲಾಮುಖಿಯ ನಡುಭಾಗದಿಂದ ಕಣಿವೆಗಳು ಚಕ್ರದ ಕಡ್ಡಿಗಳಂತೆ ಸುತ್ತಲೂ ಹರಡಿವೆ. ಕಡ್ಡಿಯ ಗುಂಟ ಹೋದರೆ ರಸ್ತೆ ಸಲೀಸು. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟಬೇಕೆಂದರೆ ಘಾಟಿ ಹತ್ತಲೇಬೇಕು. ಹಿಮನದಿ ಕೊರೆದ ಕಣಿವೆಗಳಾದ್ದರಿಂದ ತಳ ಬಹುದೂರ ಮಟ್ಟಸವಾಗಿ ಸಾಗಿ, ತಲೆಯ ಕಡೆ ಬಟ್ಟಲಿನ ಗೋಡೆಯಂತೆ ಒಮ್ಮೆಗೇ ಎದ್ದು ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಸರಾಸರಿ ಏರಿನ ಲೆಕ್ಕ ನಂಬಬಾರದು. ಮಧ್ಯ ಫ್ರಾನ್ಸಿನ ಬೆಟ್ಟಸೀಮೆಯಾದ ಮಾಸಿಫ್ ಸಾಂತ್ರಾಲ್‌ನಲ್ಲೇ ಅತಿ ಎತ್ತರದ ರಸ್ತೆ ಘಾಟಿ ಪಾ ದ ಪೆರೋಲ್ (1,589 ಮೀ.). 2020ರ ಟೂರ್ ಇದನ್ನು ಪಶ್ಚಿಮದಿಂದ, ನೆರೋನ್ ಘಾಟಿಯ ಕಡೆಯಿಂದ ಏರಿದಾಗ ದಾಖಲೆಯಲ್ಲಿ ಕೊಟ್ಟ ಲೆಕ್ಕ 5.4 ಕಿ.ಮೀ., ಸರಾಸರಿ ಶೇ. 8.1. ವಾಸ್ತವದಲ್ಲಿ ಮೊದಲರ್ಧ ಕಾಡಿನ ನೆರಳಿನಲ್ಲಿ ಮೆತ್ತಗೆ ಹೋಗಿ, ಕೊನೆಯ ಎರಡು ಕಿ.ಮೀ. ಚಿಲ್ಲರೆ ಶೇ. 11-12ರಲ್ಲಿ ಬೋಳುಗುಡ್ಡದ ಮೈಮೇಲೆ ಹತ್ತುತ್ತದೆ. ಮೊದಲರ್ಧದಲ್ಲಿ ಜೋಶ್ ತೋರಿಸಿದವರು ಕೊನೆಗೆ ಸೈಕಲ್ ತಳ್ಳುವುದು ಇಲ್ಲಿನ ಮಾಮೂಲಿ ದೃಶ್ಯ.

ಪೂರ್ವದಿಂದ ಬಂದರೆ ಇದೇ ಘಾಟಿ ಸಭ್ಯವಾಗಿದೆ. ಮ್ಯುರಾದಿಂದ ಡಿ 3ರಲ್ಲಿ ಆಂತ್ರಮೋಂ ಘಾಟಿ (1,210 ಮೀ.) ದಾಟಿ ದಿಯೆನ್‌ಗೆ ಇಳಿದು, ಡಿ 680ರಲ್ಲಿ ಸೆರ್ ಘಾಟಿ ಮೂಲಕ ಪೆರೋಲ್. ಅಲ್ಲಿಂದ ಡಿ 17, ರೆದೋಂದೆ ಘಾಟಿ (1,531 ಮೀ.), ಮಾಂದಾಯ್ ಹಳ್ಳಿ. ನಂತರ ಪೆರ್ತ್ಯು ಘಾಟಿ (1,309 ಮೀ.): 4.4 ಕಿ.ಮೀ., ಸರಾಸರಿ ಶೇ. 7.9, ಕಿರಿದಾದ ರಸ್ತೆ. ಅದನ್ನಿಳಿದರೆ ಸೇಂ-ಜಾಕ್-ದೆ-ಬ್ಲಾ, ಅಲ್ಲಿ ಎನ್ 122 ಹೆದ್ದಾರಿ. ಸುತ್ತಿನ ಕೆಟ್ಟ ತುಂಡು ಇದು. ಲಿಯೊರಾಂ ಸುರಂಗದ ಕಡೆ ಹೋಗಬೇಡಿ, ಅದಕ್ಕೆ ಮುಂಚೆ ಡಿ 67ಕ್ಕೆ ತಿರುಗಿ ಫೋಂ ದ ಸೆರ್ ಘಾಟಿ ಹತ್ತಿ, ಮ್ಯುರಾಕ್ಕೆ ಮರಳಿ. ಸುತ್ತು 65ರಿಂದ 70 ಕಿ.ಮೀ., ಏರು ಸುಮಾರು 1,500 ಮೀಟರ್.

ರೆದೋಂದೆಯಿಂದ ಮಾಂದಾಯ್‌ಗೆ ಇಳಿಯುವ ಡಿ 17 ಕಡಿದು, ಕಿರಿದು. ರಿಮ್ ಬ್ರೇಕ್ ಇದ್ದರೆ ಇಡೀ ದಾರಿ ಒತ್ತಿ ಹಿಡಿದು ಇಳಿಯಬೇಡಿ. ರಿಮ್ ಬಿಸಿಯಾಗಿ ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಜೋರಾಗಿ ಒತ್ತಿ, ತಿರುವಿನಲ್ಲಿ ಬಿಡಿ.

ಬ್ರೇಕಿಗಿಂತ ದೊಡ್ಡ ತಲೆನೋವು ಜಲ್ಲಿ. ಬೇಸಿಗೆಯಲ್ಲಿ ರಸ್ತೆ ದುರಸ್ತಿಯೆಂದರೆ ಬಿಸಿ ಡಾಂಬರು ಸಿಂಪಡಿಸಿ, ಮೇಲೆ ಬೇಬಿ ಜಲ್ಲಿ ಹರಡಿ, ಕೂರಿಸುವ ಕೆಲಸದ ಬಹುಪಾಲನ್ನು ಹೋಗಿಬರುವ ವಾಹನಗಳ ಚಕ್ರಕ್ಕೇ ಬಿಡುವುದು. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ಅದೇ. ಕಾರಿನ ಚಕ್ರ ಓಡಿದ ಎರಡು ಪಟ್ಟಿಗಳು ನಯವಾಗಿರುತ್ತವೆ. ಸಡಿಲ ಜಲ್ಲಿ ಅವೆರಡರ ನಡುವೆಯೂ ತಿರುವಿನ ಹೊರ ಅಂಚಿನಲ್ಲೂ ರಾಶಿ ಬಿದ್ದಿರುತ್ತದೆ. ನಯವಾದ ಪಟ್ಟಿ ಬಿಟ್ಟು ಕದಲಬೇಡಿ, ವೇಗವನ್ನು ಫಲಕದ ಹತ್ತಿರವೇ ಇಳಿಸಿ. ಬಿಸಿಲು ಜೋರಾದರೆ ಕರಗಿದ ಡಾಂಬರು ಟೈರಿಗೆ ಅಂಟಿ, ಅದಕ್ಕೆ ಚೂಪು ಹರಳು ಮೆತ್ತಿಕೊಂಡು, ಹತ್ತು ಕಿ.ಮೀ. ಆದಮೇಲೆ ಪಂಚರ್ ಮಾಡುತ್ತದೆ. ತುಂಡು ದಾಟಿದ ಕೂಡಲೇ ನಿಂತು ಎರಡೂ ಟೈರ್ ಕೈಯಲ್ಲಿ ತಿರುಗಿಸಿ, ಹರಳು ಕಿತ್ತು ಹಾಕಿ. ಎರಡು ನಿಮಿಷದ ಕೆಲಸ. 25 ಮಿ.ಮೀ. ಟೈರ್ ಇಲ್ಲಿ ಹಠವಷ್ಟೇ. 28 ಅಥವಾ 30 ಹಾಕಿ.

ಗೇರ್ ವಿಷಯದಲ್ಲಿ ಮರ್ಯಾದೆ ನೋಡಬೇಡಿ. ಮುಂದೆ 34, ಹಿಂದೆ 34 ಹಲ್ಲಿದ್ದರೆ ಒಂದು ಸುತ್ತು ತುಳಿತಕ್ಕೆ ಸೈಕಲ್ 2.1 ಮೀಟರ್ ಸಾಗುತ್ತದೆ; ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಶೇ. 12ರ ಏರಿನಲ್ಲಿ, ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಇದ್ದರೆ ಅಷ್ಟಕ್ಕೇ 220 ವಾಟ್ ಆಸುಪಾಸು ಬೇಕು. ಹಿಂದೆ 28 ಹಲ್ಲು ಮಾತ್ರ ಇದ್ದರೆ ಅದೇ ಶಕ್ತಿಗೆ ತುಳಿತ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿಯುತ್ತದೆ, ಭಾರವೆಲ್ಲ ಮಂಡಿಯ ಮೇಲೆ.

ನಕ್ಷೆಗೆ ಮಿಶೆಲಿನ್ ಕಾಗದದ ನಕ್ಷೆಯನ್ನು ಇಂದಿಗೂ ಮೀರಿಸಿದ್ದಿಲ್ಲ. ಕಂಪನಿಯ ತವರು ಕ್ಲೆರ್ಮೋಂ-ಫೆರಾಂ. ಕೆಂಪು ರಸ್ತೆ ಬಿಡಿ, ಹಳದಿಯನ್ನು ಬೇಕಾದಾಗ ಮಾತ್ರ ಬಳಸಿ, ಬಿಳಿಯದನ್ನು ಹುಡುಕಿ. ರಸ್ತೆಯ ಮೇಲಿನ ಬಾಣದ ಗುರುತು ಒಂದಿದ್ದರೆ ಏರು ಶೇ. 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಮೇಲೆ.

ನೀರಿಗೆ ಹಳ್ಳಿಯ ಕಾರಂಜಿ ಉಂಟು, ಆದರೆ ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯುವಂಥದ್ದಲ್ಲ. ಅಂಗಡಿಗಳು ಮಧ್ಯಾಹ್ನ ಎರಡು ಗಂಟೆಗೂ ಹೆಚ್ಚು ಹೊತ್ತು ಬಾಗಿಲು ಹಾಕುತ್ತವೆ, ಸೋಮವಾರ ಅನೇಕವು ತೆರೆಯುವುದೇ ಇಲ್ಲ. ಜುಲೈ, ಆಗಸ್ಟಿನಲ್ಲಿ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಕೊನೆಯ ಎತ್ತರದ ಘಾಟಿ ಎರಡು ಗಂಟೆಯೊಳಗೆ ದಾಟಿರಬೇಕು. ಮಂಜು ಕವಿದರೆ ಪ್ರತಿಫಲನದ ಜಾಕೆಟ್ ತೊಡಿ, ಊರ ಹೊರಗೆ ಬೆಳಕು ಸಾಲದಾಗ ಅದು ಕಾನೂನಿನ ಕಡ್ಡಾಯ.

ಪಾ ದ ಪೆರೋಲ್ ಚಳಿಗಾಲವಿಡೀ ಹಿಮದಿಂದ ಮುಚ್ಚಿರುತ್ತದೆ, ಸಾಮಾನ್ಯವಾಗಿ ನವೆಂಬರಿನಿಂದ ಏಪ್ರಿಲ್ ಕೊನೆ ಅಥವಾ ಮೇವರೆಗೆ. ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ಕಾಲ. ಕಾಂತಾಲ್ ಸುತ್ತಿನಲ್ಲಿ ಕಾಲು ಸೋತರೆ ಫೋಂ ದ ಸೆರ್ ದಾಟಿದ ಕೂಡಲೇ ಲಿಯೊರಾಂ ರೈಲು ನಿಲ್ದಾಣವಿದೆ. ಒರಿಯಾಕ್‌ನಿಂದ ಕ್ಲೆರ್ಮೋಂ ಕಡೆಗೆ ಹೋಗುವ ಟಿಇಆರ್ (ಪ್ರಾದೇಶಿಕ) ರೈಲು ನಿಮ್ಮನ್ನು ಮ್ಯುರಾದಲ್ಲಿ ಇಳಿಸುತ್ತದೆ. ದಿನಕ್ಕೆ ಕೆಲವೇ ರೈಲು, ಸೈಕಲ್ ತೂಗುಹಾಕುವ ಕೊಕ್ಕೆಗಳೂ ಕೆಲವೇ. ವೇಳಾಪಟ್ಟಿಯನ್ನು ಬೆಳಿಗ್ಗೆ ಹೊರಡುವ ಮುಂಚೆಯೇ ಫೋನಿನಲ್ಲಿ ಉಳಿಸಿಕೊಂಡಿರಿ, ಕಣಿವೆಗಳ ಒಳಗೆ ನೆಟ್‌ವರ್ಕ್ ಸಿಗುವುದು ಅಪರೂಪ.